ವಿಮಾನಕ್ಕೆ ತಾಗದೆಯೇ ಸಿಡಿಯುತ್ತಿದ್ದ ಶೆಲ್: ಒಳಗೆ ಏನಿತ್ತು?

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹಡಗುಗಳು ಹಾರಿಸಿದ ಶೆಲ್‌ಗಳು (ತೋಪಿನ ಸ್ಫೋಟಕ ಗುಂಡುಗಳು) ವಿಮಾನದ ಹತ್ತಿರ ಹೋದ ಕೂಡಲೇ ತಾವಾಗಿಯೇ ಸಿಡಿಯುತ್ತಿದ್ದವು ಅಂತ ಓದಿದೆ. ಆಗ ಟ್ರಾನ್ಸಿಸ್ಟರ್ ಕೂಡ ಇರಲಿಲ್ಲ ಅಲ್ವಾ? ಶೆಲ್‌ಗೆ ಹೇಗೆ ಗೊತ್ತಾಗುತ್ತಿತ್ತು? ನೀವು ಎಲೆಕ್ಟ್ರಾನಿಕ್ಸ್‌ನವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಅದು ಪ್ರಾಕ್ಸಿಮಿಟಿ ಫ್ಯೂಸ್, ಅಂದರೆ ಗುರಿ ಹತ್ತಿರವಾದಾಗ ಶೆಲ್ ಸಿಡಿಸುವ ಸಾಧನ. ಶೆಲ್‌ನ ಮೂತಿಯಲ್ಲಿ ಕೂರುವ ಪುಟ್ಟ ರೇಡಿಯೊ. ಹಾರುತ್ತಲೇ ತರಂಗ ಬಿಡುತ್ತಾ ಹೋಗುತ್ತದೆ. ಶೆಲ್‌ನ ಲೋಹದ ಮೈಯೇ ಅದಕ್ಕೆ ಆಂಟೆನಾ. ತರಂಗ ವಿಮಾನಕ್ಕೆ ಬಡಿದು ವಾಪಸ್ ಬರುತ್ತದೆ. ಶೆಲ್ ವೇಗವಾಗಿ ಓಡುತ್ತಿರುವುದರಿಂದ, ಬಿಟ್ಟ ತರಂಗಕ್ಕೂ ಬಂದ ತರಂಗಕ್ಕೂ ಆವರ್ತನದಲ್ಲಿ ಚೂರು ವ್ಯತ್ಯಾಸ ಇರುತ್ತದೆ. ಇದು ಡಾಪ್ಲರ್ ಪರಿಣಾಮ. ಎರಡೂ ಬೆರೆತು ಹುಟ್ಟುವ ಸಿಗ್ನಲ್, ವಿಮಾನ ಹತ್ತಿರವಾದಷ್ಟೂ ಜೋರಾಗುತ್ತದೆ. ಒಂದು ಮಟ್ಟ ದಾಟಿತೋ, ಶೆಲ್ ಸಿಡಿಯಿತು. ನೇರವಾಗಿ ತಾಗಬೇಕಿಲ್ಲ, ಅದರ ಚೂರುಗಳೇ ಸಾಕು.

ಅದಕ್ಕೂ ಮುಂಚೆ ಇದ್ದದ್ದು ಟೈಮ್ ಫ್ಯೂಸ್. ವಿಮಾನ ಎಲ್ಲಿರುತ್ತದೆ ಅಂತ ಲೆಕ್ಕ ಹಾಕಿ, ಹಾರಿಸುವ ಮೊದಲೇ ಸಮಯ ಹೊಂದಿಸಬೇಕಿತ್ತು. ಲೆಕ್ಕ ಸ್ವಲ್ಪ ತಪ್ಪಿದರೂ ಶೆಲ್ ಸುಮ್ನೆ ಖಾಲಿ ಆಕಾಶದಲ್ಲಿ ಸಿಡಿಯುತ್ತಿತ್ತು.

ಮರುಪ್ರಶ್ನೆ: ಸರ್, ನಮ್ಮ ತಾತನ ವಾಲ್ವ್ ರೇಡಿಯೊ ಮೇಜಿನಿಂದ ಬಿದ್ದಿದ್ದಕ್ಕೇ ಕೆಟ್ಟುಹೋಯಿತು. ತೋಪಿನ ಹೊಡೆತಕ್ಕೆ ಗಾಜಿನ ವಾಲ್ವ್ ಒಡೆಯಲಿಲ್ವಾ?

ಉತ್ತರ: ಒಳ್ಳೆ ಪ್ರಶ್ನೆ ಮೇಡಂ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ಅದರ ಕೆಲಸ ಮಾಡುತ್ತಿದ್ದ ಗಾಜಿನ ನಳಿಕೆ. ನಿಜವಾದ ಕಷ್ಟ ಇದ್ದದ್ದೇ ಇಲ್ಲಿ. ಇಂಥ ಫ್ಯೂಸ್‌ನ ಯೋಚನೆ ಬ್ರಿಟನ್ನಿನಲ್ಲೂ ನಡೆದಿತ್ತು. 1940ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಟಿಜಾರ್ಡ್ ನಿಯೋಗ ಅದರ ವಿವರವನ್ನು ಅಮೆರಿಕಕ್ಕೆ ಒಯ್ದಿತು. ಆದರೆ ತೋಪಿನಿಂದ ಹೊರಡುವಾಗ ಶೆಲ್ ಮೇಲೆ ಗುರುತ್ವದ ಸುಮಾರು 20,000 ಪಟ್ಟು ಬಲ ಬೀಳುತ್ತದೆ. ಅದನ್ನು ತಡೆಯುವ ವಾಲ್ವ್ ಯಾರ ಹತ್ತಿರವೂ ಇರಲಿಲ್ಲ. ಅಮೆರಿಕದ ಭೌತವಿಜ್ಞಾನಿ ಮರ್ಲ್ ಟ್ಯೂವ್ ಅವರ ತಂಡ ಕಿವಿ ಕೇಳಿಸದವರ ಶ್ರವಣ ಯಂತ್ರದ ಪುಟಾಣಿ ವಾಲ್ವ್‌ಗಳಿಂದ ಶುರು ಮಾಡಿತು. ಶೆಲ್‌ಗಳನ್ನು ನೆಟ್ಟಗೆ ಮೇಲಕ್ಕೆ ಹಾರಿಸಿ, ಬಿದ್ದ ಜಾಗ ಅಗೆದು, ಏನು ಒಡೆದಿದೆ ಅಂತ ನೋಡುತ್ತಿದ್ದರು. ಮತ್ತೆ ತಿದ್ದುತ್ತಿದ್ದರು.

ಬ್ಯಾಟರಿ ಇನ್ನೂ ಚೆಂದ. ಅದರ ದ್ರವವನ್ನು ಗಾಜಿನ ಸೀಸೆಯೊಳಗೆ ಬೇರೆ ಇಟ್ಟಿದ್ದರು. ಹೊಡೆತಕ್ಕೆ ಸೀಸೆ ಒಡೆಯುತ್ತದೆ, ಶೆಲ್ ಗಿರಗಿರ ತಿರುಗುವಾಗ ದ್ರವ ಎಲ್ಲ ಫಲಕಗಳಿಗೂ ಹರಡುತ್ತದೆ. ಅಲ್ಲಿಂದ ಬ್ಯಾಟರಿಗೆ ಜೀವ. ವಾಲ್ವ್ ಉಳಿಯಲೇಬೇಕು, ಸೀಸೆ ಒಡೆಯಲೇಬೇಕು! ಎಲೆಕ್ಟ್ರಾನಿಕ್ಸ್ ಕಲಿಯುವ ಪ್ರತಿ ಹುಡುಗ ಹುಡುಗಿಗೂ ಇದನ್ನು ಹೇಳಬೇಕು ಅನ್ನಿಸುತ್ತದೆ.

ಮರುಪ್ರಶ್ನೆ: ಇಷ್ಟು ಒಳ್ಳೆಯದಿದ್ದರೆ ನೆಲದ ಮೇಲಿನ ಯುದ್ಧದಲ್ಲಿ ತಡವಾಗಿ ಯಾಕೆ ಬಂತು ಸರ್?

ಉತ್ತರ: ಭಯ ಇತ್ತು. ಸಿಡಿಯದ ಒಂದು ಶೆಲ್ ಶತ್ರುವಿನ ಕೈಗೆ ಸಿಕ್ಕಿದರೂ ಗುಟ್ಟು ಬಯಲು. ಅದಕ್ಕೇ ಮೊದಲು ಸಮುದ್ರದ ಮೇಲೆ ಮಾತ್ರ ಅನುಮತಿ. 1943ರ ಜನವರಿಯಲ್ಲಿ ಹೆಲೆನಾ ಅನ್ನುವ ಯುದ್ಧನೌಕೆ ಪೆಸಿಫಿಕ್‌ನಲ್ಲಿ ಇದರಿಂದ ಜಪಾನಿನ ಬಾಂಬರ್ ಒಂದನ್ನು ಬೀಳಿಸಿತು. 1944ರ ಬೇಸಿಗೆಯಲ್ಲಿ ಲಂಡನ್ ಕಡೆ ಬರುತ್ತಿದ್ದ ಜರ್ಮನಿಯ ವಿ-1 ಹಾರುಬಾಂಬ್‌ಗಳ ವಿರುದ್ಧ ಬಳಸಿದರು. ಅಲ್ಲಿ ಫ್ಯೂಸ್ ಒಂದೇ ಗೆಲ್ಲಲಿಲ್ಲ. ರೇಡಾರ್ ಮತ್ತು ಗುರಿ ಲೆಕ್ಕ ಹಾಕುವ ಯಂತ್ರವೂ ಜೊತೆಗಿದ್ದವು.

ಆ ಡಿಸೆಂಬರ್‌ನಲ್ಲಿ ಬೆಲ್ಜಿಯಂ ಕಡೆಯ ಆರ್ಡೆನ್ಸ್ ಕಾಡಿನಲ್ಲಿ ಜರ್ಮನ್ನರು ನುಗ್ಗಿದಾಗ ನೆಲದ ಸೈನಿಕರ ಮೇಲೂ ಹಾರಿಸಿದರು. ಶೆಲ್ ನೆಲಕ್ಕೆ ಬೀಳುವ ಮುಂಚೆ, ತಲೆಯ ಮೇಲೆಯೇ ಸಿಡಿಯುತ್ತಿತ್ತು. ಮೇಲೆ ಮುಚ್ಚಿಗೆ ಇಲ್ಲದ ಗುಂಡಿಯಲ್ಲಿ ಅಡಗಿದವರಿಗೆ ರಕ್ಷಣೆಯೇ ಇಲ್ಲ. ಸರ್ಕ್ಯೂಟ್ ಬಗ್ಗೆ ಎಷ್ಟು ಖುಷಿಯಿಂದ ಬರೆದೆನೋ, ಇದನ್ನು ಬರೆಯಲು ಅಷ್ಟೇ ಸಂಕಟ ಆಗುತ್ತದೆ.

ಜರ್ಮನ್ನರೂ ಇಂಥದ್ದರ ಮೇಲೆ ಕೆಲಸ ಮಾಡುತ್ತಿದ್ದರು. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆಗಲಿಲ್ಲ. ಅಮೆರಿಕದ ಕಾರ್ಖಾನೆಗಳು ಯುದ್ಧ ಮುಗಿಯುವಷ್ಟರಲ್ಲಿ 2 ಕೋಟಿಗೂ ಜಾಸ್ತಿ ಫ್ಯೂಸ್ ಮಾಡಿದ್ದವು.