ಕಾರಿಲ್ಲದ ಮನೆಯವರನ್ನು ಕಾರಣ ಕೇಳುವ ಮೊದಲು

"ಎರಡು ಮಕ್ಕಳನ್ನು ಇಟ್ಟುಕೊಂಡು ಈ ದೇಶದಲ್ಲಿ ಕಾರಿಲ್ಲದೆ ಇರುವುದು ಅದೆಂಥ ಹಟ?" ಎಂದು ನಮ್ಮ ಈ ಗುಂಪಿನಲ್ಲಿ ಯಾರೋ ಕೇಳಿದಾಗ ಎರಡು ದಿನ ಸುಮ್ಮನಿದ್ದೆ. ನಮ್ಮ ಮನೆಯೂ ಅಂಥದ್ದೇ. ಅಮೆರಿಕದ ಒಂದು ಸಾಧಾರಣ ಉಪನಗರದಲ್ಲಿ ಆರು ವರ್ಷಗಳಿಂದ ಕಾರಿಲ್ಲದೆ ಸಂಸಾರ ನಡೆಸುತ್ತಿದ್ದೇವೆ. ಹಟವಂತೂ ಅಲ್ಲ.

ನನ್ನ ಪತಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮೂರ್ಛೆ, ಅಂದರೆ ಫಿಟ್ಸ್, ಬಂತು. ಸ್ಟಿಯರಿಂಗ್ ಮುಟ್ಟಬೇಡಿ ಎಂದು ವೈದ್ಯರು ಅಂದೇ ಹೇಳಿದರು. ಮತ್ತೆ ಯಾವಾಗ ಓಡಿಸಬಹುದು ಎಂಬುದು ಇಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಬ್ರಿಟನ್‌ನಲ್ಲಾದರೆ ಮೂರ್ಛೆರೋಗವಿರುವವರು ಸಾಮಾನ್ಯವಾಗಿ 12 ತಿಂಗಳು ಮೂರ್ಛೆಯಿಲ್ಲದೆ ಕಳೆಯಬೇಕು. ಒಂದು ವರ್ಷ ನಾನೊಬ್ಬಳೇ ಎಲ್ಲರನ್ನೂ ಹೊತ್ತು ತಿರುಗಿದೆ. ಅವರ ಕಚೇರಿ, ಮಗಳ ಶಾಲೆ, ಔಷಧಿ, ಕೊನೆಗೆ ನನ್ನ ಕೆಲಸ. ಕಾರು ಒಂದೇ, ಓಡಿಸುವವಳೂ ಒಬ್ಬಳೇ ಎಂದಾದರೆ ಅದು ಮನೆಯ ಅನುಕೂಲವಾಗಿ ಉಳಿಯುವುದಿಲ್ಲ, ಅವಳ ಎರಡನೇ ನೌಕರಿಯಾಗುತ್ತದೆ. ಒಂದು ಸಂಜೆ ಶಾಲೆಯ ಮುಂದೆ ಕಾರುಗಳ ಸಾಲಿನಲ್ಲಿ ನಲವತ್ತು ನಿಮಿಷ ಕಾದು ಕುಳಿತಾಗ, ಈ ಕಾರನ್ನು ಮಾರಿ ಮನೆಯನ್ನೇ ಬದಲಿಸಿದರೇನು ಎಂಬ ಯೋಚನೆ ಬಂತು. ಹಾಗೆಯೇ ಮಾಡಿದೆವು. ಊರಿನವರಿಗೆಲ್ಲ ಮಾತ್ರ "ಹೊಸ ಕಾರು ನೋಡುತ್ತಿದ್ದೇವೆ" ಎಂದು ಹೇಳಿಕೊಂಡು ಬಂದೆವು. ಕಾಯಿಲೆಯ ಸುದ್ದಿ ಎಲ್ಲರಿಗೂ ಹೇಳುವಂಥದ್ದಲ್ಲವಲ್ಲ.

ಈ ದೇಶದಲ್ಲಿ ನೂರು ಮನೆಗಳಲ್ಲಿ ಸುಮಾರು ಎಂಟು ಮನೆಗಳಿಗೆ ವಾಹನವಿಲ್ಲ. ನ್ಯೂಯಾರ್ಕ್ ನಗರದಲ್ಲಂತೂ ಅರ್ಧಕ್ಕಿಂತ ಹೆಚ್ಚು ಮನೆಗಳು ಹಾಗೆಯೇ ಇವೆ, ಅಲ್ಲಿ ಯಾರೂ ಯಾರನ್ನೂ ಕಾರಣ ಕೇಳುವುದಿಲ್ಲ. ಪರಿಸರ ಪ್ರೇಮದಿಂದ ಕಾರು ಬಿಟ್ಟವರ ಕಥೆ ಪತ್ರಿಕೆಗಳಲ್ಲಿ ಚೆನ್ನಾಗಿ ಬರುತ್ತದೆ, ಆದರೆ ನಾನು ಬಸ್ಸಿನಲ್ಲಿ ದಿನವೂ ನೋಡುವವರು ಬೇರೆ. ಕಂತು, ವಿಮೆ, ರಿಪೇರಿ ಮೂರನ್ನೂ ಹೊರಲಾರದವರು, ದೃಷ್ಟಿ ಮಂದವಾದ ವೃದ್ಧರು, ಲೈಸೆನ್ಸ್ ಇನ್ನೂ ಕೈಗೆ ಬಾರದ ಹೊಸಬರು, ಒಂದು ಅಪಘಾತದ ನಂತರ ಮತ್ತೆ ಕೂರಲು ಧೈರ್ಯ ಸಾಲದವರು. ಇಷ್ಟಪಟ್ಟು ಬಿಟ್ಟವರೂ ಇದ್ದಾರೆ, ಇಲ್ಲವೆಂದಲ್ಲ. ಅವರು ಮೊದಲೇ ಒಳ್ಳೆಯ ವಿಳಾಸ ಹಿಡಿದವರು.

ವಿಳಾಸದ ಮಾತೇ ದೊಡ್ಡದು. ನಮ್ಮ ಹಳೆಯ ಮನೆಯ ಕಿಟಕಿಯಿಂದ ದಿನಸಿ ಅಂಗಡಿಯ ಬೋರ್ಡು ಕಾಣುತ್ತಿತ್ತು. ನಡುವೆ ಆರು ಪಥಗಳ ರಸ್ತೆ, ದಾಟುವ ಸಿಗ್ನಲ್ ಎರಡೂ ಕಡೆ ಬಹುದೂರ, ದಾಟಿದ ಮೇಲೆ ಫುಟ್‌ಪಾತ್ ಇಲ್ಲದ ಹುಲ್ಲಿನ ಅಂಚು, ಆಮೇಲೆ ಮೈದಾನದಷ್ಟು ಪಾರ್ಕಿಂಗ್. ಅಲ್ಲಿ ಕಾರು ತೆಗೆದುಕೊಂಡು ಹೋಗುವವರು ಸೋಮಾರಿಗಳಲ್ಲ, ಬುದ್ಧಿವಂತರು. ವಾಸದ ಜಾಗ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಎಂದು ಬೇರ್ಪಡಿಸುವ ವಲಯ ನಿಯಮಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಎತ್ತಿಹಿಡಿಯಿತು. ಪ್ರತಿ ಕಟ್ಟಡಕ್ಕೂ ಇಂತಿಷ್ಟು ಪಾರ್ಕಿಂಗ್ ಇರಲೇಬೇಕೆಂಬ ನಿಯಮ ಅದರ ಬೆನ್ನಿಗೇ ಬೆಳೆಯಿತು. ಬಫಲೋ ನಗರ 2017ರಲ್ಲಿ ಅದನ್ನು ಕೈಬಿಟ್ಟಿತು, ಬೇರೆ ಕೆಲವು ಊರುಗಳೂ ಆ ದಾರಿ ಹಿಡಿದಿವೆ. ಆದರೆ ಕಟ್ಟಿ ಮುಗಿದ ಊರು ಅಷ್ಟು ಬೇಗ ಕರಗುವುದಿಲ್ಲ.

ಹಾಗಾಗಿ ಮನೆ ಹುಡುಕುವವರಿಗೆ ನನ್ನದೊಂದು ಹುಚ್ಚು ಸಲಹೆ: ಭಾನುವಾರ ಸಂಜೆ ಬಸ್ಸಿನಲ್ಲಿ ಹೋಗಿ ಮನೆ ನೋಡಿ. ವಾರದ ದಿನ ಹದಿನೈದು ನಿಮಿಷಕ್ಕೊಂದು ಬರುವ ಬಸ್ಸು ಭಾನುವಾರ ಗಂಟೆಗೊಂದಾಗಿರುತ್ತದೆ, ಅಥವಾ ಇರುವುದೇ ಇಲ್ಲ. ಪಾರ್ಶ್ವವಾಯುವಾದ ತಾಯಿಯನ್ನು ನೋಡಿಕೊಳ್ಳುವ ಪರಿಚಿತರೊಬ್ಬರು ನಕ್ಷೆ ಹಿಡಿದು ಅಳೆದು ಮನೆ ಮಾಡಿದರು. ಬಸ್ ನಿಲ್ದಾಣದವರೆಗೆ ಹೋಗಲಾಗದ ಅಂಗವಿಕಲರನ್ನು ಕರೆದೊಯ್ಯುವ ವಾಹನ ಸೇವೆ 1990ರ ಕಾನೂನಿನಿಂದ ಬಂದದ್ದು. ಅದು ಕಡ್ಡಾಯವಾಗಿ ಸಿಗುವುದು ಸಾಮಾನ್ಯ ಬಸ್ ಮಾರ್ಗದಿಂದ ಮುಕ್ಕಾಲು ಮೈಲಿಯೊಳಗೆ, ಅದೂ ಬಸ್ಸು ಓಡುವ ಹೊತ್ತಿನಲ್ಲಿ. ಒಂದು ಬೀದಿ ಆಚೆ ಹೋಗಿದ್ದರೆ ಆ ತಾಯಿ ಮನೆಯಲ್ಲೇ ಉಳಿಯುತ್ತಿದ್ದರು.

ಮಕ್ಕಳ ವಿಷಯಕ್ಕೆ ಬರುತ್ತೇನೆ. 1969ರಲ್ಲಿ ಇಲ್ಲಿನ ಐದರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡಾ 48ರಷ್ಟು ಮಂದಿ ಶಾಲೆಗೆ ನಡೆದೋ ಸೈಕಲ್ಲಿನಲ್ಲೋ ಹೋಗುತ್ತಿದ್ದರು. 2009ರ ಹೊತ್ತಿಗೆ ಅದು ಶೇಕಡಾ 13ಕ್ಕೆ ಇಳಿಯಿತು. ನನ್ನ ಮಗಳೂ ಕಾರಿನಲ್ಲಿ ಶಾಲೆಗೆ ಹೋಗುವವಳಲ್ಲ. ಹತ್ತನೇ ವಯಸ್ಸಿಗೆ ಬಸ್ಸಿನ ವೇಳಾಪಟ್ಟಿ ಓದುತ್ತಿದ್ದಳು, ಯಾವ ಚಾಲಕಿ ಎರಡು ನಿಮಿಷ ಮೊದಲೇ ಹೊರಡುತ್ತಾಳೆಂದು ನನಗಿಂತ ಚೆನ್ನಾಗಿ ಬಲ್ಲಳು. ಇದನ್ನು ಹೇಳಿ ಬೀಗಲು ಹೊರಟಿಲ್ಲ, ಏಕೆಂದರೆ ಇದೇ ಹುಡುಗಿ ಒಂದು ಚಳಿಗಾಲ ಪೂರ್ತಿ ನನ್ನ ಮೇಲೆ ಸಿಟ್ಟಾಗಿದ್ದಳು. ಹಿಮ ತೆಗೆಯುವ ಯಂತ್ರ ರಸ್ತೆಯ ಹಿಮವನ್ನೆಲ್ಲ ತಂದು ಬಸ್ ನಿಲ್ದಾಣದ ಮುಂದೆಯೇ ಗುಡ್ಡೆ ಹಾಕುತ್ತಿತ್ತು. ಬಸ್ಸು ಬಂದಾಗ ಅವಳು ಬೆನ್ನಚೀಲದ ಸಮೇತ ಆ ಗುಡ್ಡೆ ಹತ್ತಿ, ಜಾರಿ, ಆಚೆ ಇಳಿಯಬೇಕು. ಒಳಗೆ ಕೂತು ಕಾಲುಚೀಲ ಹಿಂಡುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ನಡುರಾತ್ರಿಯ ಜ್ವರಕ್ಕೆ ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಟ್ಯಾಕ್ಸಿ. ಮಗ ಕೂಸಾಗಿದ್ದಾಗ ಕೆಳಗಿನ ತಳಹದಿ ಇಲ್ಲದೆಯೂ ಸೀಟ್‌ಬೆಲ್ಟಿನಿಂದಲೇ ಬಿಗಿಯಬಹುದಾದ ಶಿಶು ಆಸನವನ್ನು ಬಾಗಿಲ ಹಿಂದೆಯೇ ಇಟ್ಟಿದ್ದೆವು, ಹಗಲಿನಲ್ಲಿ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದ್ದೆವು. ನಿಜವಾದ ಕಷ್ಟ ಆ ರಾತ್ರಿಗಳದ್ದಲ್ಲ. ಇಬ್ಬರು ಮಕ್ಕಳಿಗೆ ಒಂದೇ ಶನಿವಾರ ಎರಡು ದಿಕ್ಕಿನಲ್ಲಿ ಗೆಳೆಯರ ಮನೆ ಇರುತ್ತದಲ್ಲ, ಅದು. ಆಗ ಇನ್ನೊಬ್ಬ ತಾಯಿಗೆ "ನಮ್ಮವನನ್ನೂ ಕರೆದುಕೊಂಡು ಹೋಗುತ್ತೀರಾ?" ಎಂದು ಸಂದೇಶ ಬರೆಯುವುದು ಆರು ವರ್ಷವಾದರೂ ನನಗೆ ಹಗುರಾಗಿಲ್ಲ. ಬದಲಿಗೆ ಅವರ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತೇನೆ. ಲೆಕ್ಕ ಸರಿದೂಗುತ್ತದೋ ಇಲ್ಲವೋ, ಅವರಂತೂ ಈವರೆಗೆ ಕೇಳಿಲ್ಲ.

ಅಂದಹಾಗೆ ಪತಿಯ ವೈದ್ಯರು ಕಳೆದ ವರ್ಷವೇ ಕಾರು ಓಡಿಸಲು ಒಪ್ಪಿಗೆ ಕೊಟ್ಟರು. ಕೊಳ್ಳುವ ಮಾತು ಎರಡು ಸಲ ಬಂದು ಎರಡು ಸಲವೂ ಮುಂದಕ್ಕೆ ಹೋಯಿತು. ಮಗಳು ಬೇಕೇ ಬೇಕು ಎನ್ನುತ್ತಾಳೆ, ನಾನು ಮತ್ತೆ ಆ ಶಾಲೆಯ ಮುಂದಿನ ಸಾಲಿನಲ್ಲಿ ಕೂರಲಾರೆ ಎನ್ನುತ್ತೇನೆ.

ನಮ್ಮ ಗುಂಪಿನ ಕಾರ್ಯಕ್ರಮ ನಡೆಸುವವರಲ್ಲಿ ಒಂದು ಕೋರಿಕೆ ಇದೆ. ಆಮಂತ್ರಣದಲ್ಲಿ ಪಾರ್ಕಿಂಗ್ ಎಲ್ಲಿದೆ ಎಂದು ಎರಡು ಸಾಲು ಬರೆಯುತ್ತೀರಿ. ಅದರ ಕೆಳಗೆ ಹತ್ತಿರದ ಬಸ್ ನಿಲ್ದಾಣ ಯಾವುದು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇನ್ನೊಂದು ಸಾಲು ಸೇರಿಸಿ. ಕಳೆದ ಸಲ ನಾಟಕದ ಕೊನೆಯ ಅಂಕ ನೋಡದೆ ಎದ್ದು ಹೋದವರು ನಾವೇ.