ಕ್ರಿಸ್‌ಮಸ್‌ಗೆ ತುಂಬುವ ಬೆಂಚು ಮಿಕ್ಕ ಭಾನುವಾರ ಖಾಲಿ, ಏನು ಮಾಡೋದು? ಅನುಭವ ಇದ್ದವರು ಹೇಳಿ

ಕೇಳಿದವರು, ಮಂಡ್ಯ:
ಎಲ್ಲರಿಗೂ ವಂದನೆ. ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆ. ಪಟ್ಟಿಯಲ್ಲಿ ನಲವತ್ತು ಮನೆ ಇವೆ. ಭಾನುವಾರ ಆರಾಧನೆಗೆ ಇಪ್ಪತ್ತು ಜನ ಬಂದರೆ ಜಾಸ್ತಿ. ಕ್ರಿಸ್‌ಮಸ್‌ಗೆ ಮಾತ್ರ ಹೊರಗೆ ಶಾಮಿಯಾನ ಹಾಕಬೇಕು. ಈ ವರ್ಷ ಯುವಜನ ಕೂಟಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿ, ಜನರನ್ನು ಕರೆತರುವುದು ನಿನ್ನ ಕೆಲಸ ಅಂದಿದ್ದಾರೆ. ಪ್ರತಿ ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ಬೈಬಲ್ ವಾಕ್ಯ ಹಾಕುತ್ತೇನೆ. ಎಲ್ಲರೂ ಕೈಮುಗಿದ ಎಮೋಜಿ ಹಾಕುತ್ತಾರೆ, ಬೆಳಗ್ಗೆ ಯಾರೂ ಬರುವುದಿಲ್ಲ. ಬೈದ ಹಾಗಾಗದೆ ಕರೆಯುವುದು ಹೇಗೆ?

ಮೈಸೂರಿನಿಂದ ಒಬ್ಬ ಅಕ್ಕ:
ತಮ್ಮಾ, ಆ ವಾಕ್ಯ ಯಾವುದು? ಇಬ್ರಿಯರಿಗೆ ಬರೆದ ಪತ್ರದ 10:25 ತಾನೆ, ಸಭೆ ಕೂಡುವುದನ್ನು ಬಿಡಬೇಡಿ ಅನ್ನೋದು? ಎಲ್ಲರೂ ಅದನ್ನೇ ಹಾಕುವುದು. ಅದರ ಹಿಂದಿನ 24ನ್ನು ಯಾರೂ ಹಾಕುವುದಿಲ್ಲ. ಅಲ್ಲಿ ಪ್ರೀತಿಗೆ, ಒಳ್ಳೆ ಕೆಲಸಕ್ಕೆ ಒಬ್ಬರನ್ನೊಬ್ಬರು ಹುರಿದುಂಬಿಸಬೇಕು ಅಂತಿದೆ. ಇನ್ನು ಸ್ವಲ್ಪ ಕೆಳಗೆ ಓದಿದರೆ, ಆ ಪತ್ರ ಹೋಗಿದ್ದು ವಿಶ್ವಾಸಕ್ಕಾಗಿ ಆಸ್ತಿಪಾಸ್ತಿ ಕಳೆದುಕೊಂಡವರಿಗೆ ಅಂತ ಗೊತ್ತಾಗುತ್ತದೆ. ಅವರಿಗೆ ಧೈರ್ಯ ಹೇಳಲು ಬರೆದದ್ದನ್ನು ನಾವು ಹಾಜರಿ ಪುಸ್ತಕ ಮಾಡಿಕೊಂಡಿದ್ದೇವೆ.

ನನ್ನದು ಹೇಳುತ್ತೇನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಎಂಟು ತಿಂಗಳು ಚರ್ಚ್ ಕಡೆ ತಲೆ ಹಾಕಲಿಲ್ಲ. ದೇವರ ಮೇಲೆ ಕೋಪ ಅಂತಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರೂ ಗೇಟಿನ ಹತ್ತಿರ ಗಂಡ ಹೆಂಡತಿ ಸ್ಕೂಟರ್ ಹತ್ತಿ ಹೋಗುವುದನ್ನು ನೋಡಿಕೊಂಡು ಒಬ್ಬಳೇ ಬಸ್ ಸ್ಟಾಪಿಗೆ ನಡೆಯಬೇಕಲ್ಲ, ಅದು ಆಗುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳೋದು? ಮೂರು ಜನ ಫೋನ್ ಮಾಡಿ, ಯಾಕೆ ಬರ್ತಿಲ್ಲ, ನಿಮಗಾಗಿ ಪ್ರಾರ್ಥನೆ ಮಾಡ್ತಿದ್ದೀವಿ ಅಂದರು. ನಮ್ಮ ಬೀದಿ ಕೊನೆಯಲ್ಲಿ ಕೋಲೂರಿ ನಡೆಯುವ ಅಜ್ಜಿಯೊಬ್ಬರಿದ್ದರು, ಅವರು ಪ್ರಾರ್ಥನೆಯ ಸುದ್ದಿಯೇ ಎತ್ತಲಿಲ್ಲ. "ಆಟೋದವನು ಎಂಬತ್ತು ರೂಪಾಯಿ ಕೇಳ್ತಾನೆ ಕಣೇ, ನೀನೂ ಬಂದ್ರೆ ನಲವತ್ತು ನಲವತ್ತು" ಅಂದರು. ಅಷ್ಟೇ. ಆ ಭಾನುವಾರ ಗೇಟಿನ ಮುಂದೆ ಆಟೋ ಹಾರ್ನ್ ಹೊಡೆದಾಗ ನಾನಿನ್ನೂ ನೈಟಿಯಲ್ಲಿದ್ದೆ. "ಬೇಗ ಸೀರೆ ಸುತ್ಕೊಂಡು ಬಾ, ವೇಟಿಂಗ್ ಚಾರ್ಜ್ ಹಾಕ್ತಾನೆ" ಅಂತ ಕೂಗಿದರು. ಹೋದೆ. ಅವರು ಇರುವ ತನಕ ನಾಲ್ಕು ವರ್ಷ ಹಾಗೇ ಹೋದೆವು.

ಮೈಸೂರು, ಶಿಫ್ಟ್ ಕೆಲಸದವನು:
ನಾನು ಕಥೋಲಿಕ. ನಮ್ಮಲ್ಲಿ ಭಾನುವಾರದ ಪೂಜೆ ಕಡ್ಡಾಯ, ಆದರೂ ಕಥೆ ಇದೇ. ಊರಿಂದ ಬಂದ ನೆಂಟರಿಗೆ ಸಂತ ಫಿಲೋಮಿನಾ ಚರ್ಚ್ ತೋರಿಸಿ, ಗೋಪುರ 175 ಅಡಿ, ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ್ದು ಅಂತೆಲ್ಲ ಹೇಳಿ, ಅಂಗಳದಲ್ಲಿ ಫೋಟೊ ತೆಗೆಸಿಕೊಂಡು, ಒಳಗೆ ಪೂಜೆ ಶುರುವಾಗುವಾಗ ಮನೆಗೆ ಹೊರಟವನು ನಾನು! ಜೂನ್ 13ಕ್ಕೆ ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಮಾತ್ರ ತಪ್ಪಿಸುವುದಿಲ್ಲ. ಹರಕೆ ಅಂದರೆ ಬಸ್ಸಿನಲ್ಲಿ ನಿಂತುಕೊಂಡಾದರೂ ಹೋಗುತ್ತೇವೆ, ಬೀದಿ ಕೊನೆಯ ಚರ್ಚಿಗೆ ಸೋಮಾರಿತನ.

ಆದರೆ ನನಗೆ ನಿಜವಾದ ತೊಡಕೂ ಇತ್ತು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ತಿಂಗಳಿಗೆ ಎರಡು ಭಾನುವಾರ ಬೆಳಗಿನ ಶಿಫ್ಟ್. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ ಅಂತ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಫಾದರ್ ಹತ್ತಿರ ಕೇಳಿದ್ದರೆ ಒಂದು ನಿಮಿಷದ ಮಾತು. ಬರದವರ ಮನೆಯಲ್ಲಿ ಭಾನುವಾರ ಬೆಳಗ್ಗೆ ಏನು ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ಇನ್ನೊಬ್ಬರು:
2020ರ ಲಾಕ್‌ಡೌನ್‌ನಿಂದ ನಮ್ಮನೆಯಲ್ಲಿ ಯೂಟ್ಯೂಬೇ ಚರ್ಚ್. ಪ್ರಸಂಗ ನಮ್ಮ ಸಭೆಯದಕ್ಕಿಂತ ಚೆನ್ನಾಗಿರುತ್ತದೆ, ನಿಜ ಹೇಳಬೇಕಲ್ವಾ. ಎಲ್ಲಿ ಕೂತು ಕೇಳಿದರೂ ದೇವರು ದೇವರೇ.

ಅದೇ ಅಕ್ಕ:
ದೇವರೇನೋ ಸರಿ ಕಣಪ್ಪ. ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಫೋನಿನಿಂದ ಕೈಗೆ ಬರುತ್ತಾ? ನಿನಗೆ ಜ್ವರ ಬಂದರೆ ಆ ಪಾಸ್ಟರ್‌ಗೆ ಗೊತ್ತಾಗುತ್ತಾ? ಯೇಸುಸ್ವಾಮಿ ವಾಡಿಕೆಯಂತೆ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ನಜರೇತಿನ ಸಭಾಮಂದಿರಕ್ಕೆ ಹೋದರು ಅಂತ ಲೂಕ 4:16ರಲ್ಲಿದೆ. ಅಲ್ಲಿ ಅವರಿಗಿಂತ ಚೆನ್ನಾಗಿ ಪ್ರಸಂಗ ಮಾಡುವವರು ಯಾರಿದ್ದರು? ಆವತ್ತು ಅಲ್ಲಿಯ ಜನ ಅವರನ್ನು ಗುಡ್ಡದಿಂದ ತಳ್ಳಲು ನೋಡಿದರು. ನಿಮ್ಮ ಸಭೆಯವರು ಅಷ್ಟು ಕೆಟ್ಟವರಲ್ಲ ಅಂದುಕೊಂಡಿದ್ದೇನೆ.

ಮದ್ದೂರು ಕಡೆಯವಳು:
ಹೆಸರು ಓದುವ ಚಾಳಿ ಇದ್ದರೆ ನಿಲ್ಲಿಸಿ. ನಮ್ಮ ಸಭೆಯಲ್ಲಿ ಒಂದು ವರ್ಷ ವಂತಿಗೆ ಕೊಡದವರ ಹೆಸರನ್ನು ಮೈಕ್‌ನಲ್ಲಿ ಓದಿದರು. ಆ ವರ್ಷ ನಮಗೆ ಕಬ್ಬಿನ ದುಡ್ಡೇ ಬಂದಿರಲಿಲ್ಲ. ಅಮ್ಮ ಎರಡು ವರ್ಷ ಆ ಬಾಗಿಲು ತುಳಿಯಲಿಲ್ಲ. ಹೊಸ ಸಭಾಪಾಲಕರು ಬಂದವರು ಮನೆಗೆ ಬಂದು, ಕಾಫಿ ಕುಡಿದು, ತಪ್ಪಾಯ್ತಮ್ಮ ಅಂದರು. ಅವರು ಮಾಡಿದ ತಪ್ಪೂ ಅಲ್ಲ ಅದು. ಆಮೇಲೆ ಚರ್ಚಿನ ಸುಗ್ಗಿ ಹಬ್ಬಕ್ಕೆ ಅಮ್ಮ ಕೊಟ್ಟ ಕುಂಬಳಕಾಯಿ ಹರಾಜಿನಲ್ಲಿ ಆರುನೂರಕ್ಕೆ ಹೋಯಿತು, ಈಗಲೂ ಕಂಡವರಿಗೆಲ್ಲ ಹೇಳುತ್ತಾರೆ.

ಮತ್ತೊಬ್ಬರು:
ನನ್ನ ತಮ್ಮನಿಗೆ ಮೈಕ್ ಸೆಟ್ ಜವಾಬ್ದಾರಿ ಕೊಟ್ಟರು. ಈಗ ನಮಗಿಂತ ಮೊದಲು ಹೊರಡುತ್ತಾನೆ. ಪ್ರಸಂಗ ಕೇಳುತ್ತಾನೋ ಇಲ್ಲವೋ, ಅಲ್ಲಿರುತ್ತಾನೆ.

ಕೇಳಿದವರು:
ಅಕ್ಕಾ, ಹಾಕುತ್ತಿದ್ದದ್ದು ಅದೇ ವಾಕ್ಯ, ಸಿಕ್ಕಿಬಿದ್ದೆ. ಇವತ್ತು ಪಟ್ಟಿ ಹಿಡಿದು ಕೂತೆ. ಬರದವರಲ್ಲಿ ಆರು ಜನ ವಯಸ್ಸಾದವರು ಒಂದೇ ಊರಿನವರು. ಆ ಊರಿನ ಬಸ್ಸು ನಮ್ಮಲ್ಲಿಗೆ ಬರುವುದು ಒಂಬತ್ತೂವರೆಗೆ, ನಮ್ಮ ಆರಾಧನೆ ಒಂಬತ್ತಕ್ಕೆ. ಇಷ್ಟು ದಿನ ಯಾರೂ ಇದನ್ನು ನೋಡಿಲ್ಲ! ಸಭಾಪಾಲಕರಿಗೆ ಆಮೇಲೆ ಇನ್ನೊಂದು ಊರಿನಲ್ಲಿ ಆರಾಧನೆ ಇದೆ, ಸಮಯ ಬದಲಾಯಿಸಲು ಆಗುವುದಿಲ್ಲ. ಆಪೆ ಆಟೋದವನನ್ನು ಕೇಳಿದೆ, ಹೋಗಿ ಬರಲು ಮುನ್ನೂರು ಅಂದ. ತಲೆಗೆ ಐವತ್ತು.

ಅದೇ ಅಕ್ಕ:
ಪ್ರತಿ ವಾರ ಅಂತ ಹೇಳು, ಇನ್ನೂರೈವತ್ತಕ್ಕೆ ಇಳಿಯುತ್ತಾನೆ.