ಹಳೆಯ 240ಡಿ ಕಾರಿನ ಮೂಲ ವೀಲ್ ಕ್ಯಾಪ್‌ಗಳಿಗೆ ಮತ್ತೆ ಬಣ್ಣ ಹಚ್ಚುವುದು ಹೇಗೆ?

ನೀಲಿ 240ಡಿ, ಟಿಳಕವಾಡಿ, ಬೆಳಗಾವಿ:

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ತಂದೆಯವರು ಕುವೈತಿನಲ್ಲಿ ದುಡಿದು ಊರಿಗೆ ಮರಳುವಾಗ ತಂದ 1980ರ ಮರ್ಸಿಡಿಸ್ 240ಡಿ ಇಂದಿಗೂ ನಮ್ಮಲ್ಲಿ ಓಡುವ ಸ್ಥಿತಿಯಲ್ಲಿದೆ. ಚಿಂತೆ ಇರುವುದು ಅದರ ವೀಲ್ ಕ್ಯಾಪ್‌ಗಳದ್ದು, ಅಂದರೆ ಗಾಲಿಗಳ ನಡುವೆ ಕೂರುವ ತಗಡಿನ ಮುಚ್ಚಳಗಳದ್ದು. ತಮ್ಮಲ್ಲಿ ಅನೇಕರಿಗೆ ತಿಳಿದಿರುವಂತೆ, 1975ರ ಕೊನೆಯಿಂದ 1986ರ ಆರಂಭದವರೆಗೆ ತಯಾರಾದ ಈ ಡಬ್ಲ್ಯು 123 ಸರಣಿಯ ಕಾರುಗಳಲ್ಲಿ ಕ್ಯಾಪಿನ ನಡುವಿನ ನಕ್ಷತ್ರವೂ ಹೊರ ಅಂಚೂ ಬೆಳ್ಳಗೆ ಹೊಳೆಯುತ್ತಿದ್ದು, ಅವೆರಡರ ನಡುವಿನ ಬಳೆಯಂಥ ಭಾಗಕ್ಕೆ ಕಾರಿನ ಮೈಬಣ್ಣವನ್ನೇ ಹಚ್ಚಿರುತ್ತಾರೆ. ನಮ್ಮದು ಕಂಪನಿಯ ಬಣ್ಣಪಟ್ಟಿಯಲ್ಲಿನ 904 ಸಂಖ್ಯೆಯ ಕಡುನೀಲಿ.

ಮೂರು ವರ್ಷಗಳ ಹಿಂದೆ ಆ ನೀಲಿ ಅಲ್ಲಲ್ಲಿ ಚಕ್ಕೆಯೆದ್ದಿತ್ತೆಂದು ಇಲ್ಲಿಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಅವರು ನನ್ನನ್ನು ಕೇಳದೆಯೇ ನಾಲ್ಕೂ ಕ್ಯಾಪ್‌ಗಳಿಗೆ ಸಿಲ್ವರ್ ಬಣ್ಣ ಹೊಡೆದುಬಿಟ್ಟರು. ಈಗ ಕಾರು ತೊಳೆದಾಗಲೆಲ್ಲ ಆ ಸಿಲ್ವರ್ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದು ಬರುತ್ತಿದೆ. ಹೊಸ ಕ್ಯಾಪ್ ಕೊಳ್ಳುವ ಮನಸ್ಸು ನನಗಿಲ್ಲ. ತಂದೆಯವರ ಕಾಲದ ಇವನ್ನೇ ಸರಿಪಡಿಸಬೇಕು. ಹಳೆಯ ಬಣ್ಣವನ್ನು ತೆಗೆಯುವುದು ಹೇಗೆ, ನಕ್ಷತ್ರದ ಅಂಚು ಕೆಡದಂತೆ ಹೊಸದನ್ನು ಹಚ್ಚುವುದು ಹೇಗೆ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉದ್ಯಮಬಾಗದ ಹಳೆಯ ಕೈ, ಬೆಳಗಾವಿ:

ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲು, ಮಾಡಬಾರದ್ದನ್ನು ಹೇಳುತ್ತೇನೆ. ಸ್ಯಾಂಡ್ ಬ್ಲಾಸ್ಟಿಂಗಿಗೆ, ಅಂದರೆ ಮರಳನ್ನು ರಭಸದಿಂದ ಹೊಡೆದು ಬಣ್ಣ ತೆಗೆಸಲು, ಕೊಡಬೇಡಿ. ತೆಳು ತಗಡು ಸೊಟ್ಟಗಾಗುತ್ತದೆ, ಹೊಳಪಿನ ಭಾಗ ಮತ್ತೆ ಸಿಗುವುದಿಲ್ಲ. ಸಂಡಾಸು ತೊಳೆಯುವ ಆ್ಯಸಿಡ್ಡಿನಿಂದ ತುಕ್ಕು ತೆಗೆಯಲು ಹೋಗಬೇಡಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ತುಕ್ಕಿನ ಜೊತೆಗೆ ಕ್ರೋಮನ್ನೂ ತಿಂದುಹಾಕುತ್ತದೆ. ಅಲಂಕಾರಕ್ಕೆ ಕೊಡುವ ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಅದರ ಕೆಳಗಿರುವುದು ನಿಕ್ಕಲ್. ತಿಕ್ಕುವಾಗ ನೀಲಿ ಛಾಯೆಯ ಹೊಳಪು ಹೋಗಿ ತುಸು ಹಳದಿ ಕಾಣಿಸಿತೆಂದರೆ ಕ್ರೋಮ್ ಸವೆದು ನಿಕ್ಕಲ್ ಹೊರಬಿದ್ದಿದೆ ಎಂದು ತಿಳಿದು ಅಲ್ಲಿಗೇ ಕೈ ನಿಲ್ಲಿಸಬೇಕು.

ನಯವಾದ ಲೋಹದ ಮೇಲೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ನಿಮ್ಮ ಸಿಲ್ವರ್ ಸುಲಿಯುತ್ತಿರುವುದಕ್ಕೂ ಕೆಳಗಿನ ನುಣುಪನ್ನು ಯಾರೂ ಮುರಿಯದಿದ್ದುದೇ ಕಾರಣವಿರಬೇಕು. ಸೋಪಿನ ನೀರಿನಲ್ಲಿ ತೊಳೆದು, ಮೇಣ ಮತ್ತು ಎಣ್ಣೆಯ ಅಂಶವನ್ನು ಥಿನ್ನರಿನಿಂದ ಒರೆಸಿದ ಮೇಲೆಯೇ ಉಜ್ಜುವ ಪೇಪರ್ ಹಿಡಿಯಿರಿ. ಮೊದಲೇ ಹಿಡಿದರೆ ಎಣ್ಣೆಯನ್ನೇ ಗೀರಿನೊಳಗೆ ತುಂಬಿದಂತಾಗುತ್ತದೆ. ಬಣ್ಣ ಬರುವ ಜಾಗವನ್ನಷ್ಟೇ 400 ನಂಬರಿನ ವಾಟರ್ ಪೇಪರಿನಿಂದ ಮಂಕಾಗಿಸಿ, ಬಣ್ಣಕ್ಕೆ ಹಿಡಿತ ಕೊಡುವ ಅಡಿಪದರವಾದ ಎಪಾಕ್ಸಿ ಪ್ರೈಮರನ್ನು ತೆಳುವಾಗಿ ಹೊಡೆಯಿರಿ. ನಿಮ್ಮದು ಲೋಹಕಣಗಳಿಲ್ಲದ ಸಾದಾ ಬಣ್ಣವಾದ್ದರಿಂದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಬೇಕಾಗಿಲ್ಲ. ಕ್ಲಿಯರ್ ಹಾಕಿದರೆ ಪದರ ದಪ್ಪವಾಗಿ, ಅಂಚಿನಲ್ಲಿ ಒಂದು ಮೆಟ್ಟಿಲು ಎದ್ದು ಕಾಣುತ್ತದೆ.

ನಕ್ಷತ್ರದ ವಿಚಾರದಲ್ಲಿ ನನ್ನ ಪದ್ಧತಿ ಬೇರೆಯೇ ಇದೆ. ಹೊರ ಅಂಚಿಗೆ ಮಾತ್ರ ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ. ಉಬ್ಬಿದ ನಕ್ಷತ್ರದ ಮೇಲೆ ಸ್ವಲ್ಪ ಬಣ್ಣ ಬಿದ್ದರೆ ಬೀಳಲಿ ಎಂದು ಬಿಟ್ಟು, ಕೊನೆಯ ಕೋಟ್ ಕೈಗೆ ಅಂಟದಷ್ಟು ಆರಿದಾಗ, ಚಪ್ಪಟೆ ಕಟ್ಟಿಗೆಯ ಚೂರಿಗೆ ಹತ್ತಿಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಥಿನ್ನರಿನಲ್ಲಿ ಅದ್ದಿ, ಹಿಂಡಿ, ಉಬ್ಬಿನ ಮೇಲಷ್ಟೇ ಎಳೆಯುತ್ತೇನೆ. ಬಟ್ಟೆ ತೊಯ್ದಿರಬಾರದು, ಒಂದು ಎಳೆತಕ್ಕೆ ಒಂದು ಹೊಸ ಮಗ್ಗುಲು ಬಳಸಬೇಕು. ಟೇಪಿಗಿಂತ ಚೊಕ್ಕ ಗೆರೆ ಇದರಿಂದ ಬರುತ್ತದೆ. ಇನ್ನೊಂದು ಮಾತು: ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಣ್ಣ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್ ಹವೆಯಲ್ಲಿನ ತೇವದೊಂದಿಗೂ ಕೂಡಿಕೊಳ್ಳುವುದರಿಂದ ಮೇಲ್ಮೈ ಮಂಕಾಗುತ್ತದೆ, ಗುಳ್ಳೆಯೂ ಏಳುತ್ತದೆ. ದಸರೆಯ ನಂತರ ಹವೆ ಒಣಗಲಿ.

ಗೋಳಗುಮ್ಮಟದ ನೆರೆಯವ, ವಿಜಯಪುರ:

ಉದ್ಯಮಬಾಗದ ಕಾಕಾ ಅವರು ಹೇಳಿದ್ದೆಲ್ಲ ಸರಿಯಾಗಿದೆ. ನಮ್ಮ ಕಡೆಯ ತೊಂದರೆ ಅದಕ್ಕೆ ತದ್ವಿರುದ್ಧವಾದದ್ದು. ಇಲ್ಲಿಯ ಬೇಸಿಗೆಯಲ್ಲಿ ಬಣ್ಣವು ಸ್ಪ್ರೇ ಗನ್ನಿನಿಂದ ಹೊರಟು ಕ್ಯಾಪನ್ನು ತಲುಪುವಷ್ಟರಲ್ಲೇ ಅರೆ ಒಣಗಿ, ಮೇಲ್ಮೈ ರವೆಯಂತೆ ತರಿತರಿಯಾಗುತ್ತದೆ. ಆದ್ದರಿಂದ ನಾನು ನಿಧಾನವಾಗಿ ಆರುವ ಥಿನ್ನರ್ ಬಳಸಿ, ಬೆಳಗಿನ ತಂಪಿನಲ್ಲಿ, ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿ ಕೆಲಸ ಮುಗಿಸುತ್ತೇನೆ. ಹಾರ್ಡನರ್ ಬೆರೆಸಿದ ಬಣ್ಣದಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಸಾಲದು. ಸರಿಯಾದ ಮಾಸ್ಕ್ ಇಲ್ಲದಿದ್ದರೆ ದಯವಿಟ್ಟು ಬಣ್ಣ ಹೊಡೆಯುವ ಬೂತ್ ಇರುವವರಿಗೇ ಕೊಡಿ.

ನವನಗರದ ಓದುಗ, ಬಾಗಲಕೋಟೆ:

ಸರ್, ಸ್ಟ್ರಿಪ್ಪರ್ ಎಂಬ ಬಣ್ಣ ತೆಗೆಯುವ ರಾಸಾಯನಿಕವನ್ನು ತರುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕೆಂದು ನನ್ನ ವಿನಂತಿ. ಕೆಳಗಿನ ನುಣುಪನ್ನು ಮುರಿಯದೆಯೇ ಸಿಲ್ವರ್ ಹೊಡೆದಿದ್ದಾರೆ ಎಂಬುದು ನಿಜವಾಗಿದ್ದರೆ, ಅದರ ಅಡಿಯಲ್ಲಿ ಕಾರ್ಖಾನೆಯ ನೀಲಿ ಇನ್ನೂ ಹಾಗೆಯೇ ಕುಳಿತಿರಬಹುದು. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಸಿಲ್ವರಿನ ಚಕ್ಕೆಯನ್ನು ಎಬ್ಬಿಸಿ, ಟೇಪ್ ಅಂಟಿಸಿ ಎಳೆದು ನೋಡಿ. ಸ್ಟ್ರಿಪ್ಪರ್ ಹಚ್ಚಿದರೆ ಎರಡೂ ಒಟ್ಟಿಗೆ ಹೋಗುತ್ತವೆ, ಮೂಲ ಬಣ್ಣ ಮತ್ತೆ ಬಾರದು.

ಹೊಸ ಬಣ್ಣವೇ ಬೇಕಾದರೂ ಅಂಗಡಿಯಲ್ಲಿ ಬರಿ 904 ಎಂದು ಹೇಳಿ ಮಾಡಿಸಬೇಡಿ. ನಲವತ್ತು ವರ್ಷ ಬಿಸಿಲುಂಡ ಬಾಗಿಲಿನ ಪಕ್ಕದಲ್ಲಿ ಹೊಚ್ಚಹೊಸ 904 ಬೇರೆಯಾಗಿಯೇ ಕಾಣುತ್ತದೆ. ಪೆಟ್ರೋಲ್... ಅಲ್ಲ, ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಬಿಚ್ಚಿ ಒಯ್ದು, ಅದಕ್ಕೆ ಸರಿಹೊಂದಿಸಿ ಬೆರೆಸಿಕೊಡಲು ಹೇಳಿ.

ನೀಲಿ 240ಡಿ, ಟಿಳಕವಾಡಿ, ಬೆಳಗಾವಿ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಮಧ್ಯಾಹ್ನ ನವನಗರದ ಗೆಳೆಯರು ಹೇಳಿದಂತೆ ಒಂದೊಂದಾಗಿ ಪರೀಕ್ಷಿಸಿದೆ. ಹಿಂದಿನ ಬಲಗಡೆಯ ಕ್ಯಾಪಿನಲ್ಲಿ ಟೇಪ್ ಎಳೆದೊಡನೆ ಅಂಗೈಯಗಲದ ಸಿಲ್ವರ್ ಒಂದೇ ಹಾಳೆಯಾಗಿ ಎದ್ದುಬಂತು, ಕೆಳಗೆ ತಂದೆಯವರ ಕಾಲದ ಕಡುನೀಲಿ ಇತ್ತು. ಅಂಚಿನಲ್ಲಿ ಎರಡು ಚಕ್ಕೆಗಳಷ್ಟೇ ಹೋಗಿವೆ. ಅದಕ್ಕೆ ಗನ್ ಹಿಡಿಯುವುದಿಲ್ಲ. ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ, ಆ ಎರಡು ಜಾಗಗಳಿಗೆ ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸುತ್ತೇನೆ. ಹಿಂದಿನ ಎಡಗಡೆಯದೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಮುಂದಿನ ಎರಡಕ್ಕೆ ಆ ಭಾಗ್ಯವಿಲ್ಲ. ಅವುಗಳಲ್ಲಿ ನೀಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಒಂದರಲ್ಲಿ ನಕ್ಷತ್ರದ ಬುಡದಲ್ಲಿ ತುಕ್ಕಿನ ಚುಕ್ಕೆಗಳೂ ಇವೆ. ಅವನ್ನು ಕಾಕಾ ಅವರ ಪದ್ಧತಿಯಂತೆಯೇ, ದಸರೆ ಮುಗಿದ ಮೇಲೆ, ಬೂತ್ ಇರುವಲ್ಲಿ ಕುಳಿತು ಮಾಡಿಸುತ್ತೇನೆ. ಬಣ್ಣ ಬೆರೆಸಲು ಡೀಸೆಲ್ ಮುಚ್ಚಳದ ಬದಲು ಈಗ ಸಿಕ್ಕಿರುವ ಹಿಂದಿನ ಕ್ಯಾಪನ್ನೇ ಒಯ್ಯುವುದು ಸರಿಯೆಂದು ನನಗೆ ತೋರುತ್ತದೆ.